ಸಾಲಿಯಾನ್ ಡಾಕ್ಟರು ಫೀಸು ಬೇಡವೆಂದಾಗ

ಡಾಕ್ಟರ್ ಧನರಾಜ್ ಸಾಲಿಯಾನರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮೃದುಭಾಷಣವೇ ವೈದ್ಯನ ಮೊದಲ ಮದ್ದು ಎಂದು ಮಕ್ಕಳಿಂದ ವರ್ಷವರ್ಷವೂ ಪ್ರಬಂಧ ಬರೆಸಿದವಳು ನಾನು. ಆ ಪ್ರಬಂಧವನ್ನು ಇವರ ಕೈಗೆ ಕೊಟ್ಟರೆ ಅದನ್ನೂ ಇಡೀ ಗಲ್ಲಿಗೆ ಕೇಳುವಂತೆ ಓದಿಬಿಟ್ಟಾರು. ಮುಂಬಯಿಯ ಘಾಟ್ಕೋಪರ್ ಸ್ಟೇಷನ್ನಿನ ಪಶ್ಚಿಮಕ್ಕೆ, ಕುರುಕಲು ತಿಂಡಿ ಮಾರುವ ಒಂದು ಫರ್ಸಾಣ್ ಅಂಗಡಿಗೂ ಒಂದು ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಅವರ ದವಾಖಾನೆಯ ಹೊರಬೆಂಚಿನ ಮೇಲೆ ಕುಳಿತವರಿಗೆ, ಒಳಗಿರುವವರ ಸಕ್ಕರೆ, ರಕ್ತದೊತ್ತಡ, ಮಲಬದ್ಧತೆಗಳ ಸಮಗ್ರ ವೃತ್ತಾಂತವು ಯಾವ ಅಡೆತಡೆಯೂ ಇಲ್ಲದೆ ಕರ್ಣಗೋಚರವಾಗುತ್ತದೆ. ಹೊಸಬರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಹಳಬರು ಕಾಲು ಚಾಚಿಕೊಂಡು ಆರಾಮವಾಗಿ ಕೇಳುತ್ತಾರೆ.

ನಾನು ಹಳಬಳು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ಗಂಟಲು ಸವೆಸಿ ನಿವೃತ್ತಳಾದ ಮೇಲೆ ಮುಲುಂಡಿನ ಒಂದು ಸೊಸೈಟಿಯಲ್ಲಿ ವಾಸ. ನಮ್ಮ ಬಿಲ್ಡಿಂಗಿನ ಬುಡದಲ್ಲೇ ಡಾಕ್ಟರರ ಬೋರ್ಡುಗಳು ಒಂದರ ಮೇಲೊಂದು ಏರಿ ಕೂತಿವೆ, ಎಸಿ ಇದೆ, ಟೋಕನ್ ಇದೆ, ಗಾಜಿನ ಬಾಗಿಲಿದೆ; ಆದರೂ ನನಗೆ ಮೂಗು ಸೋರಿದರೂ ಸ್ಲೋ ಲೋಕಲ್ ರೈಲು ಹತ್ತಿ ಘಾಟ್ಕೋಪರಿಗೇ ಹೋಗಬೇಕು. ಇದಕ್ಕೆ ನನ್ನ ನೆರೆಯವರು ಹುಚ್ಚು ಎನ್ನುತ್ತಾರೆ, ನಾನು ಕುತೂಹಲ ಎನ್ನುತ್ತೇನೆ. ಒಬ್ಬ ವೈದ್ಯನು 'ಇದು ನನ್ನಿಂದಾಗದು, ಬೇರೆಯವರ ಬಳಿ ಹೋಗು' ಎಂದು ಯಾವ ಕ್ಷಣದಲ್ಲಿ ನಿಶ್ಚಯಿಸುತ್ತಾನೆ, ನಿಶ್ಚಯಿಸಿದ ಮೇಲೆ ಆ ಕಹಿಯಾದ ಮಾತನ್ನು ಎದುರು ಕುಳಿತ ಜೀವಕ್ಕೆ ಹೇಗೆ ಮುಟ್ಟಿಸುತ್ತಾನೆ ಎಂಬುದು ನನಗೆ ಬಹುಕಾಲದಿಂದ ಬಗೆಹರಿಯದ ಸೋಜಿಗ. ಒಮ್ಮೆ ನೇರವಾಗಿ ಕೇಳಿಯೂ ಬಿಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ, "ಔಷಧ ಬರೆಯುವಾಗ ಪೆನ್ನು ಕಾಗದದ ಮೇಲೆ ನಿಂತುಬಿಡ್ತದೆ ಟೀಚರೇ. ನಿಂತ್ರೆ ಮತ್ತೆ ನಾನು ಅದನ್ನು ತಳ್ಳುವುದಿಲ್ಲ," ಎಂದರು.

ಆಳು ಕುಳ್ಳ, ತಲೆಯ ಮೇಲೆ ಕೂದಲು ಹೆಸರಿಗಷ್ಟೇ. ನಡೆಯುವಾಗ ಎಡಗೈ ಮೊಣಕೈಯಲ್ಲಿ ಮಡಚಿ ಅಂಗೈ ಆಕಾಶ ನೋಡುತ್ತಿರುತ್ತದೆ, ಕಾಣದ ತಟ್ಟೆಯೊಂದು ಅದರ ಮೇಲಿರುವಂತೆ. ಘಾಟ್ಕೋಪರ್ ಸ್ಟೇಷನ್ನಿನ ಸಂಜೆಯ ಜನಜಂಗುಳಿಯಲ್ಲಿ ನಮ್ಮಂಥವರು ಭುಜ ತಿವಿದು, ಬೈಸಿಕೊಂಡು, ಬೈದು ಮುಂದೆ ಸಾಗಿದರೆ, ಇವರು ಒಂದು ಮಗ್ಗುಲಾಗಿ ಸರಕ್ಕನೆ ತೂರಿ ಯಾರಿಗೂ ತಾಗದೆ ಆಚೆ ಹೊರಟುಹೋಗುತ್ತಾರೆ. ಇದು ಹೋಟೆಲಿನಲ್ಲಿ ಕಲಿತ ನಡಿಗೆ. ಪಡುಬಿದ್ರೆಯ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದು, ಹಗಲು ಫೋರ್ಟ್ ಪ್ರದೇಶದ ಉಡುಪಿ ಹೋಟೆಲಿನಲ್ಲಿ ಟೇಬಲ್ ನೋಡಿಕೊಂಡು, ಸಂಜೆ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದಿ, ಅಲ್ಲಿಂದ ಹೇಗೋ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವರು. ಆ ದಿನಗಳ ಬಗ್ಗೆ ಅವರಿಗೆ ನಾಚಿಕೆಯೂ ಇಲ್ಲ, ಜಂಬವೂ ಇಲ್ಲ.

ಅವರ ಬಿಳಿ ಕೋಟಿನ ವಿಷಯ ಬೇರೆಯೇ. ದವಾಖಾನೆಯಲ್ಲಿ ಅದನ್ನು ಅವರು ತೊಟ್ಟದ್ದನ್ನು ನಾನು ಕಂಡೇ ಇಲ್ಲ. ಅರ್ಧ ತೋಳಿನ ಚೌಕಳಿ ಶರ್ಟೇ ಅವರ ಸಮವಸ್ತ್ರ. ಕೋಟು ಕುರ್ಚಿಯ ಹಿಂದಿನ ಮೊಳೆಯಲ್ಲಿ ಹಳದಿಯಾಗುತ್ತ ನೇತಾಡುತ್ತಿರುತ್ತದೆ. ತಾವು ಬೇರೆ ಆಸ್ಪತ್ರೆಗೆ ಕಳಿಸಿದ ರೋಗಿಯನ್ನು ನೋಡಲು ಹೋಗುವ ದಿನ ಮಾತ್ರ ಅದಕ್ಕೆ ಕೆಳಗಿಳಿಯುವ ಭಾಗ್ಯ. "ಇದು ರೋಗಿಗೆ ಅಲ್ಲ, ಗೇಟಿನ ವಾಚ್‌ಮನ್‌ಗೆ," ಎಂದು ನಗುತ್ತಾರೆ. ಭೇಟಿಯ ಸಮಯ ಮುಗಿದಿದ್ದರೂ ಬಿಳಿ ಕೋಟನ್ನು ತಡೆಯುವ ಧೈರ್ಯ ಈ ಊರಿನ ಯಾವ ವಾಚ್‌ಮನ್ನನಿಗೂ ಇಲ್ಲವಂತೆ.

ಇನ್ನು ಆ ಧ್ವನಿ. ಹಳೆಯ ಉಡುಪಿ ಹೋಟೆಲುಗಳಲ್ಲಿ ಗಿರಾಕಿ ಹೇಳಿದ್ದನ್ನು ಅಲ್ಲಿಂದಲೇ ಒಳಗಿನ ಅಡುಗೆಮನೆಗೆ ಕೂಗಿ ಹೇಳುವ ಪದ್ಧತಿಯಿತ್ತು. ಸಾಲಿಯಾನರ ಪ್ರಕಾರ ಆ ಕೂಗು ಅಡುಗೆಯವನಿಗಾಗಿ ಇದ್ದದ್ದೇ ಅಲ್ಲ, ಗಿರಾಕಿಗಾಗಿ. ತನ್ನ ಮಾತು ಒಳಗೆ ಹೋಯಿತು, ಹೇಳಿದಂತೆಯೇ ಹೋಯಿತು ಎಂದು ತನ್ನ ಕಿವಿಯಾರೆ ಕೇಳಿದವನು ಸಮಾಧಾನದಿಂದ ಕಾಯುತ್ತಾನೆ. ಕೇಳದವನು ಕುರ್ಚಿಯಲ್ಲಿ ಚಡಪಡಿಸುತ್ತಾನೆ, ಎದ್ದು ಹೋಗಿಯೂ ಬಿಡುತ್ತಾನೆ. ಈ ತತ್ತ್ವವನ್ನು ಅವರು ಯಥಾವತ್ತಾಗಿ ವೈದ್ಯಕೀಯಕ್ಕೆ ತಂದರು. ರೋಗಿಯನ್ನು ಇನ್ನೊಬ್ಬ ವೈದ್ಯರ ಬಳಿಗೆ ಕಳಿಸಬೇಕೆಂದಾಗ ಚೀಟಿ ಬರೆದು ಕೈಗಿತ್ತು ಸಾಗಹಾಕುವವರಲ್ಲ ಅವರು. ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಫೋನಿನ ಸ್ಪೀಕರ್ ಹಾಕಿ, ಆ ದೊಡ್ಡ ಡಾಕ್ಟರರಿಗೆ ರೋಗಿಗೆ ತಿಳಿಯುವ ಭಾಷೆಯಲ್ಲೇ ಎಲ್ಲವನ್ನೂ ಹೇಳುತ್ತಾರೆ. ಅವರೂ ಅದೇ ಭಾಷೆಯಲ್ಲಿ ಉತ್ತರಿಸಬೇಕು. ಮುಗಿದ ಮೇಲೆ ರೋಗಿಯ ಕಡೆ ತಿರುಗಿ, "ಕೇಳ್ತಲ್ಲ? ಈಗ ವಾಪಾಸ್ ಹೇಳಿ," ಎನ್ನುತ್ತಾರೆ. ರೋಗಿ ಪಾಠ ಒಪ್ಪಿಸಿದಂತೆ ಎಲ್ಲವನ್ನೂ ಒಪ್ಪಿಸಿದ ಮೇಲೆಯೇ ಬಿಡುಗಡೆ. ಇಷ್ಟು ವರ್ಷ ಮಾಸ್ತರಿಕೆ ಮಾಡಿದ ನನಗೇ ಇಷ್ಟು ಕಟ್ಟುನಿಟ್ಟು ಇರಲಿಲ್ಲ ಎನ್ನಿ.

ಈ ಪದ್ಧತಿಯ ಬಿಸಿ ನನಗೂ ತಟ್ಟಿದೆ. ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ ಎಂದು ಹೋಗಿದ್ದೆ. ಅವರು ಮುಲುಂಡಿನ ಹೊಟ್ಟೆಯ ತಜ್ಞರೊಬ್ಬರಿಗೆ ಫೋನು ಹಚ್ಚಿ, ನನ್ನ ಉದರದಲ್ಲಿ ಉತ್ಪತ್ತಿಯಾಗುವ ವಾಯುವಿನ ಪ್ರಮಾಣ, ಸ್ವಭಾವ, ನಿರ್ಗಮನದ ವೇಳಾಪಟ್ಟಿ ಮೊದಲಾದವನ್ನು ಸ್ಪಷ್ಟವಾದ ಹಿಂದಿಯಲ್ಲಿ ವಿವರಿಸತೊಡಗಿದರು. ಹೊರಗಿನ ಬೆಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ತಾಯಂದಿರು ಇಬ್ಬರಿದ್ದರು. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು! ಹೊರಗೆ ಬಂದವಳೇ ಮತ್ತೆ ಒಳಗೆ ನುಗ್ಗಿ ಚೆನ್ನಾಗಿ ಜಗಳ ತೆಗೆದೆ. ಅವರು ತಪ್ಪೊಪ್ಪಿಕೊಂಡು ಮರುದಿನವೇ ಬಾಗಿಲಿಗೆ ದಪ್ಪನೆಯ ಪರದೆ ಹಾಕಿಸಿದರು. ಧ್ವನಿ ಮಾತ್ರ ಇದ್ದ ಹಾಗೆಯೇ ಇದೆ, ಪರದೆ ದಾಟಿ ಈಗಲೂ ಬರುತ್ತದೆ.

ದೊಡ್ಡ ಡಾಕ್ಟರರಿಗೂ ಇದು ಸುಲಭದ ತುತ್ತಲ್ಲ. ಹೃದ್ರೋಗದ ಘನವಿದ್ವಾಂಸರೊಬ್ಬರು ಒಂದು ಸಲ ಫೋನಿನಲ್ಲೇ ಗದರಿದರಂತೆ: ಸ್ಪೀಕರ್ ಆಫ್ ಮಾಡಿ ಡಾಕ್ಟರ್, ರೋಗಿಯ ಮುಂದೆ ಇದನ್ನೆಲ್ಲ ಮಾತಾಡುವುದುಂಟೆ ಎಂದು. "ಹೃದಯ ಅವನದ್ದೇ ಸರ್, ಅವನು ಇಲ್ಲೇ ಕೂತಿದ್ದಾನೆ," ಎಂದು ಇವರು ವಿನಯದಿಂದಲೇ ಹೇಳಿ, ಅಂದಿನಿಂದ ಆ ವಿದ್ವಾಂಸರ ಬಳಿಗೆ ಯಾರನ್ನೂ ಕಳಿಸಲಿಲ್ಲ. ಇಬ್ಬರು ವೈದ್ಯರು ಇಂಗ್ಲಿಷಿನಲ್ಲಿ ಮಾತಾಡಿ ನಡುವೆ ಒಮ್ಮೆ ನಕ್ಕರೆ ಸಾಕು, ಎದುರಿಗಿರುವ ಬಡಪಾಯಿ ತನ್ನನ್ನು ಮಾರಿದರೆಂದೇ ತಿಳಿಯುತ್ತಾನೆ ಎಂಬುದು ಅವರ ಅನುಭವ.

ಮಾರುವ ಮಾತು ಸುಮ್ಮನೆ ಬಂದದ್ದಲ್ಲ. ರೋಗಿಯನ್ನು ಕಳಿಸಿದ ವೈದ್ಯನಿಗೆ ಆಚೆಯ ವೈದ್ಯನಿಂದ ಪಾಲು ಸಿಗುತ್ತದೆ ಎಂಬ ಸಂಶಯ ಈ ನಗರದ ಪ್ರತಿಯೊಂದು ದವಾಖಾನೆಯ ಬೆಂಚಿನ ಮೇಲೂ ಕುಳಿತಿರುತ್ತದೆ. 'ಕಟ್' ಎಂಬ ಎರಡಕ್ಷರದ ಆ ಮಾತನ್ನು ನಾನು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಎಷ್ಟು ಸಲ ಕೇಳಿಲ್ಲ! ಆ ಕಳಂಕ ತಮ್ಮ ಮೈಗೆ ಹತ್ತಬಾರದೆಂದು ಸಾಲಿಯಾನರು ದವಾಖಾನೆ ತೆರೆದ ಕಾಲದಿಂದಲೂ ಒಂದು ನಿಯಮ ಇಟ್ಟುಕೊಂಡಿದ್ದರು. ಯಾರನ್ನಾದರೂ ಬೇರೆಡೆಗೆ ಕಳಿಸುವ ದಿನ ತಮ್ಮ ಫೀಸನ್ನೂ ಮುಟ್ಟುತ್ತಿರಲಿಲ್ಲ. ರೋಗಿ ನೋಟು ಚಾಚಿದರೆ ಅಂಗೈಯ ಹಿಂಬದಿಯಿಂದ ಅದನ್ನು ಮೆತ್ತಗೆ ಹಿಂದಕ್ಕೆ ಸರಿಸಿ, ಎದ್ದು ನಿಂತು ಕೈಮುಗಿಯುತ್ತಿದ್ದರು. ನಮ್ಮ ಕರಾವಳಿಯ ಹೋಟೆಲಿನವರು ಈ ನಿಯಮವನ್ನು ಕೊಂಡಾಡುತ್ತಿದ್ದರು. ಸತ್ಯಸಂಧ ಎಂದರೆ ಹೀಗಿರಬೇಕು ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಸಾಲಿಯಾನರಿಗೂ ಇದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು. ಇದ್ದರೆ ತಪ್ಪೇನು?

ಈ ನಿಯಮ ಮುರಿದದ್ದು ಹೇಗೆ ಎನ್ನುವುದನ್ನು ಹೇಳದಿದ್ದರೆ ಇವರ ಚಿತ್ರ ಅಪೂರ್ಣ.

ಅಣವೀರಪ್ಪ ಎಂಬಾತ ಅಫಜಲಪುರದ ಕಡೆಯವನು. ಗಾರೆ ಕೆಲಸ, ಘಾಟ್ಕೋಪರಿನಿಂದ ಮುಲುಂಡಿನವರೆಗೆ ಎದ್ದುನಿಂತ ಎಷ್ಟೋ ಗೋಪುರಗಳ ಗೋಡೆಗಳಿಗೆ ಅವನ ಕೈ ತಾಗಿದೆ. ಹೆಂಡತಿ ಕಸ್ತೂರಿಬಾಯಿಯೊಡನೆ ಗುಡ್ಡದ ಮೇಲಿನ ಚಾಳಿನಲ್ಲಿ ಒಂದೇ ಕೋಣೆಯ ಬಿಡಾರ. ತಂಬಾಕು ಸುಣ್ಣ ತಿಕ್ಕಿ ಕೆನ್ನೆಯೊಳಗೆ ಇಟ್ಟುಕೊಳ್ಳುವ ಚಟ. ಅದೇ ಜಾಗದಲ್ಲಿ ಹುಣ್ಣಾಗಿ, ಮಾಯದೆ, ಖಾರ ತಿನ್ನಲಾಗದೆ ದವಾಖಾನೆಗೆ ಬಂದಿದ್ದ. ಅಂದು ನಾನೂ ಹೊರಗಿನ ಬೆಂಚಿನಲ್ಲಿದ್ದೆ. ಸಾಲಿಯಾನರು ಬ್ಯಾಟರಿ ಹಿಡಿದು ಬಾಯೊಳಗೆ ನೋಡಿದರು. ಆಮೇಲೆ ಬಹಳ ಹೊತ್ತು ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಪೆನ್ನು ನಿಂತಿತೆಂದು ನನಗೆ ತಿಳಿಯಿತು.

ಫೋನು ಹೋದದ್ದು ಪರೇಲಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿರುವ ಹಿತೇಶನಿಗೆ. ಮಂಗಳೂರಿನ ತಂದೆತಾಯಿಗೆ ಮುಂಬಯಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ತಿಳಿಯುತ್ತದೆ, ಆಡುವಾಗ ಎಡವುತ್ತಾನೆ. ಸಾಲಿಯಾನರು ಕ್ಯಾನ್ಸರಿನ ಸಂಶಯವನ್ನೂ ಸೇರಿಸಿ ಒಂದನ್ನೂ ಮುಚ್ಚದೆ ಹೇಳಿದರು. ಅವನು ಆ ಕಡೆಯಿಂದ, "ಕಳಿಸಿ ಅಂಕಲ್. ಬುಧವಾರ ನಾನು ಇರ್ತೇನೆ. ಒಂದು ಸಣ್ಣ ತುಕಡಾ ತೆಗ್ದು ಟೆಸ್ಟ್ ಮಾಡ್ಬೇಕು. ಜಲ್ದೀ ಬಂದ್ರೆ ಒಳ್ಳೇದು," ಎಂದ. ಆಮೇಲೆ ವಾಡಿಕೆಯಂತೆ ಪಾಠ ಒಪ್ಪಿಸುವ ಸರದಿ. ಅಣವೀರಪ್ಪನ ಗಟ್ಟಿ ದನಿ ಹೊರಗೆ ನನಗೂ ಕೇಳಿಸಿತು: "ಬುಧವಾರ ಪರೇಲಕ್ಕ ಹೋಗಬೇಕ್ರಿ. ಹಿತೇಶ ಡಾಕ್ಟರಿಗಿ ಕಾಣಬೇಕ್ರಿ. ಬಾಯಾಗಿಂದು ತುಣುಕ ತಗದು ನೋಡ್ತಾರ್ರಿ. ತಂಬಾಕ ಇವತ್ತಿಂದ ಬಂದ್ ರಿ." ಒಂದಕ್ಷರ ತಪ್ಪಿರಲಿಲ್ಲ. ಹೊರಡುವಾಗ, ಪರದೆಯ ಸಂದಿಯಲ್ಲಿ ನನಗೆ ಕಂಡಂತೆ, ಅವನು ಚಾಚಿದ ನೋಟನ್ನು ಸಾಲಿಯಾನರು ಎಂದಿನಂತೆ ಹಿಂದಕ್ಕೆ ಸರಿಸಿ, ಎದ್ದು ಕೈಮುಗಿದರು. ಪರದೆ ಸರಿಸಿ ಹೊರಬಂದ ಅವನ ಮುಖ ಸುಣ್ಣ ಬಳಿದಂತಾಗಿತ್ತು. ರೋಗದ ಹೆಸರು ಕೇಳಿ ಹೀಗಾಗಿದ್ದಾನೆ, ಪಾಪ, ಎಂದು ನಾನು ಅಂದುಕೊಂಡೆ.

ಬುಧವಾರ ಅವನು ಹೋಗಲಿಲ್ಲ. ಕಳಿಸಿದವರು ತಲುಪಿದರೋ ಇಲ್ಲವೋ ಎಂದು ವಿಚಾರಿಸುವುದು ಸಾಲಿಯಾನರ ಇನ್ನೊಂದು ರೂಢಿ. "ಅಂಕಲ್, ನಿಮ್ಮ ಪೇಷಂಟ್ ಬಂದೇ ಇಲ್ಲ," ಎಂದ ಹಿತೇಶ. ಅಣವೀರಪ್ಪನ ಫೋನು ಬಂದ್ ಆಗಿತ್ತು. ಊರಿಗೆ ಹೋಗಿರಬಹುದು ಎಂದರು ಕೆಲವರು. ವಾರಗಳು ಉರುಳಿದವು. ನಾನು ಹೋದಾಗಲೆಲ್ಲ ಡಾಕ್ಟರರು, "ಎಲ್ಲವನ್ನೂ ಸರಿಯಾಗಿ ಹೇಳಿದ್ನಲ್ಲ ಟೀಚರೇ, ನೀವೂ ಕೇಳಿದ್ರಲ್ಲ, ಮತ್ತೆಂತ ಆಯ್ತು?" ಎಂದು ನನ್ನನ್ನೇ ಕೇಳುವರು. ಕಿವಿಗೆ ಬಿದ್ದರೆ ಮನಸ್ಸಿಗೂ ಬಿತ್ತು ಎಂದು ಜೀವಮಾನವಿಡೀ ನಂಬಿದ ಮನುಷ್ಯ ಅವರು. ಆ ಹುಣ್ಣು ಕಾಯುವ ಜಾತಿಯದಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಕಸ್ತೂರಿಬಾಯಿ ಬಂದಳು. ಬೆಂಚಿನವರನ್ನೆಲ್ಲ ದಾಟಿ, ಪರದೆ ಸರಿಸಿ, ಬಿಪಿ ತೋರಿಸಿಕೊಳ್ಳುತ್ತ ಒಳಗೆ ಕುಳಿತಿದ್ದ ನನ್ನ ಮಗ್ಗುಲಲ್ಲೇ ನಿಂತು, ಸೆರಗಿನ ತುದಿಯಲ್ಲಿ ಕಟ್ಟಿದ್ದ ನೋಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಸಾಬ್ರಿ, ಇದು ತಗೋರಿ. ನಮ್ಮ ಮನಿಯವರದು, ಆವತ್ತಿಂದು."

ಸಾಲಿಯಾನರಿಗೆ ಅವಳನ್ನು ನೋಡಿದ ಸಂತೋಷ, ಅವನು ಹೋಗದ ಸಿಟ್ಟು, ಎರಡೂ ಒಟ್ಟಿಗೇ ಉಕ್ಕಿದವು. "ಅವನೆಲ್ಲಿ? ಪರೇಲಿಗೆ ಯಾಕೆ ಹೋಗ್ಲಿಲ್ಲ? ಮೊದಲು ಅದು ಹೇಳಿ. ದುಡ್ಡು ಇಟ್ಕೊಳ್ಳಿ. ಕಳಿಸಿದ ದಿನದ ಫೀಸು ನಾನು ಮುಟ್ಟುವುದಿಲ್ಲ, ಅದು ನನ್ನ ನಿಯಮ," ಎಂದು ಅಂಗೈಯ ಹಿಂಬದಿಯಿಂದ ನೋಟನ್ನು ಮತ್ತೆ ಸರಿಸಿದರು.

ಅವಳು ಮೇಜಿನ ಅಂಚು ಹಿಡಿದು ಕುಸಿದು ಕುಳಿತಳು. ಆಮೇಲೆ ಬಂದ ಅಳು ಎಂಥದ್ದೆಂದರೆ, ಹೊರಗಿನ ಬೆಂಚಿನವರೆಲ್ಲ ಎದ್ದು ಪರದೆಯ ಬಳಿಗೆ ಬಂದರು. ನನ್ನ ಮೊಣಕಾಲು ಹಿಡಿದುಕೊಂಡು, "ಅಕ್ಕೋರ, ನೀವರ ಹೇಳ್ರಿ ಇವರಿಗಿ. ನಾ ಕೈ ಮುಗಿತೀನ್ರಿ. ರೊಕ್ಕ ತಗೋ ಅನ್ರಿ," ಎಂದಳು. ಫೀಸು ತೆಗೆದುಕೊಳ್ಳಿರೆಂದು ಡಾಕ್ಟರರ ಮುಂದೆ ಅಳುವ ಹೆಂಗಸನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ನನಗೇನೂ ಅರ್ಥವಾಗಲಿಲ್ಲ. ನೀರು ಕುಡಿಸಿ, ಬೆನ್ನು ಸವರಿ, ಏಕೆಂದು ಕೇಳಿದೆ.

"ನಮ್ಮೂರಾಗ ಮಾಳಪ್ಪಜ್ಜ ಅಂತ ಒಬ್ಬ ವೈದ್ಯ ಇದ್ದರಿ. ನಾಡಿ ನೋಡಾಂವ. ಉಳೀತಾನ ಅನಸ್ತು ಅಂದ್ರ, ರೊಕ್ಕ ಕೊಡ್ರಿ, ಇಲ್ಲಂದ್ರ ಜ್ವಾಳರ ಕೊಡ್ರಿ ಅಂತ ಕೇಳಿ ತಗೋತಿದ್ದ. ಉಳಿಯಂಗಿಲ್ಲ ಅನಸ್ತು ಅಂದ್ರ ಏನೂ ಮುಟ್ಟತಿದ್ದಿಲ್ರಿ. ಹಿಂಗೇ ಕೈಲಿಂದ ಹಿಂದಕ್ಕ ಸರಸ್ತಿದ್ದ, ಎದ್ದು ಕೈ ಮುಗಿತಿದ್ದ. ನಮ್ಮ ಮಾವ ಸಿದ್ದರಾಮಪ್ಪಂದೂ ಹಂಗೇ ಸರಸ್ದ. ಮುಂದಿನ ಅಮಾಸಿ ಅವರು ನೋಡ್ಲಿಲ್ರಿ. ನೀವು ರೊಕ್ಕ ಸರಸಿದ್ದು ನೋಡಿ ನಮ್ಮ ಮನಿಯವರು, ನಂದು ಮುಗೀತು, ಪರೇಲಕ್ಕ ಹೋಗಿ ಯಾಕ ಕೊಯ್ಸಿಕೊಳ್ಳಲಿ ಅಂತ ಕುಂತಾರ್ರಿ. ಊಟಾನೂ ಬಿಟ್ಟಾರ. ಯಾರೋ ಸೊಪ್ಪಿನ ಲೇಪ ಕೊಟ್ಟಾರ, ಅದನ್ನ ಹಚಗೊಂಡು ಕುಂತಾರ."

ಸಾಲಿಯಾನರು ಮುಖ ಕೆಂಪಾಗಿ, ಕಣ್ಣು ನೆಲದಲ್ಲಿ ನೆಟ್ಟು, ಆ ನೋಟನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು. ಅವಳು ಮತ್ತೆ ಹೌಹಾರಿದಳು. "ನಿಮ್ಮ ಕೈಯಿಂದ ಬೇಡ," ಎಂದರು, ಅವರ ಮಟ್ಟಿಗೆ ಪಿಸುಮಾತೆನ್ನಬಹುದಾದ ದನಿಯಲ್ಲಿ, "ಅವನ ಕೈಯಿಂದಲೇ ತೆಗೊಳ್ತೇನೆ. ನಡೀರಿ."

ತುಂಬಿದ ಬೆಂಚನ್ನು ಬಿಟ್ಟು ಅವರು ಹೊರಟೇಬಿಟ್ಟರು. ನಾನು ಸುಮ್ಮನಿರುವವಳೇ? ಬಿಪಿಯ ಪಟ್ಟಿಯನ್ನು ಕಿತ್ತೆಸೆದು ಹಿಂದೆಯೇ ನಡೆದೆ. ಗುಡ್ಡದ ಆ ಓಣಿ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದು. ಮೆಟ್ಟಿಲೋ, ಬರೀ ಕಲ್ಲಿನ ನೆನಪು. ನನ್ನ ಉಸಿರು ಬಾಯಿಗೆ ಬಂತು. ಸಾಲಿಯಾನರು ಮಾತ್ರ ಎಡಗೈಯನ್ನು ಮಡಚಿಕೊಂಡು, ನೀರಿನ ಡ್ರಮ್ಮುಗಳ, ಒಣಹಾಕಿದ ಬಟ್ಟೆಗಳ ನಡುವೆ ನುಸುಳಿ ಎಷ್ಟೋ ಮುಂದೆ ಹೋಗಿದ್ದರು.

ಅಣವೀರಪ್ಪ ತನ್ನ ಖೋಲಿಯ ಹೊಸ್ತಿಲಲ್ಲಿ ಬಾಯಿಗೆ ಟವೆಲ್ಲು ಸುತ್ತಿಕೊಂಡು ಕುಳಿತಿದ್ದ. ಕೆನ್ನೆಯ ಮೇಲೆ ಒಣಗಿದ ಹಸಿರು ಲೇಪ, ಗುಳಿಬಿದ್ದ ಕಣ್ಣು. ಡಾಕ್ಟರರನ್ನು ನೋಡಿ ಎದ್ದು ನಿಲ್ಲಲು ಹೋದ.

"ಅಣವೀರಪ್ಪ, ನನ್ನ ಫೀಸು ಕೊಡು," ಎಂದರು ಸಾಲಿಯಾನರು. ಧ್ವನಿ ಮರಳಿ ಬಂದಿತ್ತು. ಓಣಿಯ ಎಲ್ಲ ಬಾಗಿಲುಗಳಿಂದಲೂ ತಲೆಗಳು ಹೊರಬಂದವು.

ಅವನು ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ, ಟವೆಲ್ಲು ಸರಿಸಿದ. "ಆವತ್ತ ಬ್ಯಾಡ ಅಂದ್ರೆಲ್ರಿ ಸಾಬ್?"

"ಆವತ್ತು ಬೇಡ ಅಂದದ್ದು ನನ್ನ ತಪ್ಪು. ಇವತ್ತು ಬೇಕು. ಆಪರೇಷನ್ ಆಗಿ ವಾಪಾಸ್ ಬಂದು ನನ್ನ ಬೆಂಚಿನಲ್ಲಿ ಕೂರ್ತೀಯಲ್ಲ, ಆಗ ಪುನಃ ಕೊಡ್ಬೇಕು. ಮತ್ತೆ ಶೀತ ಆದ್ರೂ ಕೊಡ್ಬೇಕು, ಜ್ವರ ಬಂದ್ರೂ ಕೊಡ್ಬೇಕು. ನಾನೇನು ಧರ್ಮಕ್ಕೆ ನೋಡ್ತೇನಾ?"

ಅಣವೀರಪ್ಪ ಬಾಗಿಲು ಹಿಡಿದು ಎದ್ದು ನಿಂತ. "ಹಂಗಾರ ನಾ ಉಳೀತೀನೇನ್ರಿ?"

ಆ ಓಣಿಯಲ್ಲಿ ನಿಂತವರೆಲ್ಲ ಕಾದಿದ್ದು ಒಂದು 'ಹೌದು' ಎಂಬ ಮಾತಿಗೆ. ಹೇಳಿಬಿಡಿ ಡಾಕ್ಟರೇ, ಸುಳ್ಳಾದರೂ ಹೇಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ.

"ಅದು ನನಗೆ ಗೊತ್ತಿಲ್ಲ ಮಾರಾಯ. ಸುಳ್ಳು ಯಾಕೆ ಹೇಳ್ಲಿ? ಹಿತೇಶ್ ನೋಡಿ ಹೇಳ್ಬೇಕು. ಆದ್ರೆ ನನ್ನ ಕೈಲಿ ಎಂತದೂ ಇಲ್ಲ, ಯಾರ ಕೈಲಿಯೂ ಇಲ್ಲ ಅಂತಿದ್ರೆ ನಿನ್ನನ್ನು ಅಷ್ಟು ದೂರ ಓಡಿಸ್ತಿರ್ಲಿಲ್ಲ, ಇಲ್ಲೇ ನೋವಿಗೆ ಮಾತ್ರೆ ಕೊಟ್ಟು ಕೂತ್ಕೊಳ್ತಿದ್ದೆ. ಅಲ್ಲಿ ನನಗಿಂತ ಗೊತ್ತಿದ್ದವ ಇದ್ದಾನೆ, ಅದಕ್ಕೆ ಕಳಿಸಿದ್ದು. ಕಳಿಸಿದ್ದು, ಬಿಟ್ಟದ್ದಲ್ಲ. ನಾಳೆ ನಾನೂ ಬರ್ತೇನೆ. ಕೇಳ್ತಲ್ಲ? ಈಗ ವಾಪಾಸ್ ಹೇಳು."

ಅಣವೀರಪ್ಪ ಕೆನ್ನೆಯ ಒಣಗಿದ ಲೇಪವನ್ನು ಟವೆಲ್ಲಿನಿಂದ ಒರೆಸಿಕೊಂಡ. ಆಮೇಲೆ, "ನಾಳಿ ಪರೇಲಕ್ಕ ಹೋಗೂದ್ರಿ. ನೀವೂ ಬರ್ತೀರಿ," ಎಂದ. ಮೊದಲ ಸಲ ಅಷ್ಟು ಚೊಕ್ಕವಾಗಿ ಒಪ್ಪಿಸಿದ ಪಾಠದಲ್ಲಿ ಸಾಲಿಯಾನರ ಹೆಸರು ಎಲ್ಲಿಯೂ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಕಸ್ತೂರಿಬಾಯಿ ಗಂಡನ ಕೈಗೆ ನೋಟು ಕೊಟ್ಟಳು. ಅವನು ಅದನ್ನು ಎರಡೂ ಕೈಯಿಂದ ಡಾಕ್ಟರರಿಗೆ ಕೊಟ್ಟ. ಅವರು ಮಡಚಿ ಕಿಸೆಗೆ ಹಾಕಿಕೊಂಡರು. ಅಷ್ಟಕ್ಕೇ ಆ ಹೆಂಗಸು ನಗತೊಡಗಿದಳು, ಕಣ್ಣೀರು ಇನ್ನೂ ಇಳಿಯುತ್ತಿರುವಾಗಲೇ. ನನಗೂ ತಡೆಯಲಾಗಲಿಲ್ಲ, ನಾನೂ ಅತ್ತೆ.

ಇಳಿಯುವಾಗ ಅರ್ಧದಾರಿಯಲ್ಲಿ ಸಾಲಿಯಾನರು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. "ಟೀಚರೇ, ಆ ನಿಯಮ ನಾನು ನನ್ನ ಮರ್ಯಾದೆಗೆ ಅಂತ ಮಾಡಿಕೊಂಡದ್ದು. ಅವನಿಗೆ ಅಂತ ಮಾಡಿದ್ದಲ್ಲ," ಎಂದರು. ಇಬ್ಬರೂ ಸ್ವಲ್ಪ ಹೊತ್ತು ಕೆಳಗೆ ಓಡುವ ಮೆಟ್ರೋ ನೋಡುತ್ತ ಕುಳಿತು, ಎದ್ದು ಬಂದೆವು.

ಮರುದಿನ ಪರೇ‌ಲಿಗೆ ಹೋದವರು ನಾಲ್ವರು: ಗಂಡ, ಹೆಂಡತಿ, ಹಳದಿ ಕೋಟು ತೊಟ್ಟ ಡಾಕ್ಟರರು, ಮತ್ತು ಕರೆಯದಿದ್ದರೂ ಹೋದ ನಾನು. ಹಿತೇಶ ನೋಡಿ ಮುಖ ಚಿಕ್ಕದು ಮಾಡಿಕೊಂಡ. ಆದರೂ ಸಾಲಿಯಾನರ ಪದ್ಧತಿಗೆ ಪಳಗಿದವನಲ್ಲವೇ, ರೋಗಿಯ ಎದುರೇ ಹೇಳಿದ: "ಅಂಕಲ್, ಲೇಟ್ ಆಯ್ತು. ಥೋಡಾ ಫೈಲ್ ಗಯಾ ಹೈ, ಹರಡಿದೆ. ಈಗ ದವಡೆದೂ ಒಂದು ಹಿಸ್ಸಾ ತೆಗೀಬೇಕಾಗ್ತದೆ. ಆದ್ರೆ ಮಾಡ್ಬಹುದು." ಸಾಲಿಯಾನರು ವಾರ್ಡಿಗೆಲ್ಲ ಕೇಳುವಂತೆ, "ಲೇಟ್ ಆದದ್ದು ನನ್ನಿಂದ. ಅವನನ್ನು ಬೈಬೇಡ," ಎಂದರು. ಅವನನ್ನು ಯಾರೂ ಬೈದಿರಲಿಲ್ಲ.

ಅಣವೀರಪ್ಪ ಉಳಿದ. ಮುಖ ಒಂದು ಕಡೆಗೆ ಎಳೆದಿದೆ. ಮಾತು ಹೆಂಡತಿಗೆ, ಹೆಂಡತಿಯ ನಂತರ ಡಾಕ್ಟರರಿಗೆ ಮಾತ್ರ ತಿಳಿಯುತ್ತದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಬೇಕು. ಮೊದಲ ಬುಧವಾರವೇ ಹೋಗಿದ್ದರೆ ಇಷ್ಟು ಕಳೆದುಕೊಳ್ಳುತ್ತಿರಲಿಲ್ಲ ಎಂಬುದನ್ನು ಸಾಲಿಯಾನರು ಯಾರ ಬಳಿಯೂ ಮುಚ್ಚಿಡಲಿಲ್ಲ, ಅಣವೀರಪ್ಪನ ಬಳಿಯೂ. ಅವನು ಅದನ್ನು ಕೇಳಿ ಕೈಬೀಸಿ ಏನೋ ಅಂದ. "ಹೋಗ್ಲಿ ಬಿಡ್ರಿ ಅಂತಾರ," ಎಂದು ಕಸ್ತೂರಿಬಾಯಿ ಅನುವಾದಿಸಿದಳು.

ಈಗ ಸಾಲಿಯಾನರು ಕಳಿಸುವ ದಿನವೂ ಫೀಸು ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳುವುದಷ್ಟೇ ಅಲ್ಲ, ರೋಗಿ ಮರೆತು ಎದ್ದರೆ ಕರೆದು ಕೇಳುತ್ತಾರೆ, ಮುಂದಿನ ಸಲವೂ ತನ್ನಿ ಎನ್ನುತ್ತಾರೆ. ಇದರ ಫಲ ಏನಾಗಬೇಕೋ ಅದೇ ಆಯಿತು. ಇತ್ತೀಚೆಗೆ ಬೆಂಚಿನ ಮೇಲೆ ಒಬ್ಬ ಹೋಟೆಲ್ ಮ್ಯಾನೇಜರ್, ನಮ್ಮ ಕಡೆಯವನೇ, ಪಕ್ಕದವನ ಕಿವಿಯಲ್ಲಿ, "ಮುಂಚೆ ಇವರು ಹೀಗಿರಲಿಲ್ಲ. ಈಗ ಅಲ್ಲಿಂದಲೂ ಬರ್ತದೆ, ಇಲ್ಲಿಂದಲೂ ಬೇಕು," ಎಂದ. ನನ್ನ ಮೈಯೆಲ್ಲ ಉರಿಯಿತು. ಅವನಿಗೆ ಗುಡ್ಡದ ಕಥೆಯನ್ನೆಲ್ಲ ಬಿಡಿಸಿ ಹೇಳಿ, ನಾಲಿಗೆಗೆ ಎಲುಬಿಲ್ಲದವನೇ ಎಂದು ಶಾಲೆಯ ಧಾಟಿಯಲ್ಲಿ ಬೆಂಡೆತ್ತಿದೆ. ಅವನು ನಂಬಿದನೋ ಇಲ್ಲವೋ, ಬೇರೆ ಕಡೆ ನೋಡುತ್ತ ಕುಳಿತ.

ಒಳಗೆ ಹೋಗಿ ಸಾಲಿಯಾನರಿಗೂ ಹೇಳಿದೆ: ಎಲ್ಲರಿಗೂ ಒಂದೇ ನಿಯಮ ಯಾಕೆ, ತಿಳಿದವರಿಂದ ತೆಗೆದುಕೊಳ್ಳಬೇಡಿ, ನಿಮ್ಮ ಹೆಸರಾದರೂ ಉಳಿಯಲಿ ಎಂದು. ಅವರು ಎದುರಿನ ರೋಗಿಯ ಔಷಧದ ಚೀಟಿಯಿಂದ ತಲೆಯೆತ್ತದೆ, "ಯಾರು ಯಾವ ಊರಿನ ವೈದ್ಯನನ್ನು ಮನಸ್ಸಲ್ಲಿ ಇಟ್ಕೊಂಡು ಬರ್ತಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಟೀಚರೇ? ನನ್ನ ಮೇಲೆ ಸಂಶಯ ಇದ್ರೂ ಅಡ್ಡಿಲ್ಲ. ಅವರು ಪರೇಲಿಗೆ ಹೋದ್ರೆ ಸಾಕು," ಎಂದರು.

ಲೋಕಲ್‌ನಲ್ಲಿ ಮುಲುಂಡಿಗೆ ಮರಳುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ಒಳ್ಳೆಯವರಾಗಿ ಬಾಳುವುದು ಕಷ್ಟವೆಂದು ನಾವು ತಿಳಿದಿದ್ದೇವೆ. ಒಳ್ಳೆಯವರೆಂದು ಕಾಣಿಸಿಕೊಳ್ಳುವ ಸುಖವನ್ನು ಬಿಡುವುದು ಅದಕ್ಕಿಂತ ಕಷ್ಟ, ಮತ್ತು ನನ್ನಂಥವಳಿಗೆ ಅದು ಇಂದಿಗೂ ಸಾಧ್ಯವಾಗಿಲ್ಲ. ನಮ್ಮನ್ನು ಗುಣಪಡಿಸುವವರು ಬೇರೆ ಎಲ್ಲೋ ದೊಡ್ಡ ಕಟ್ಟಡಗಳಲ್ಲಿ ಇರುತ್ತಾರೆ, ಅವರ ಕೈಗುಣಕ್ಕೆ ನಾವು ಹಾರ ಹಾಕುತ್ತೇವೆ. ಆದರೆ ಅಲ್ಲಿಯವರೆಗೆ ನಮ್ಮನ್ನು ದಾಟಿಸಲು ಯಾರೋ ಒಬ್ಬರು ಮೊದಲು 'ಇದು ನನ್ನಿಂದಾಗದು' ಎಂದು ತಮ್ಮನ್ನು ಚಿಕ್ಕವರು ಮಾಡಿಕೊಳ್ಳಬೇಕು, ಆಮೇಲೆ ನಾವು ಆಡುವ ಮಾತನ್ನೆಲ್ಲ ಆಡಿಸಿಕೊಳ್ಳಬೇಕು. ಸಾಲಿಯಾನರಂಥವರು ಪ್ರತಿ ಓಣಿಯಲ್ಲೂ ಒಬ್ಬೊಬ್ಬರಿದ್ದಾರು, ನಮಗೆ ಗುರುತು ಹತ್ತುವುದಿಲ್ಲ. ಗುರುತು ಹತ್ತಬಹುದಾಗಿದ್ದ ಒಂದೇ ಒಂದು ಚಿಹ್ನೆಯನ್ನೂ, ಫೀಸು ಬೇಡವೆನ್ನುವಂಥದ್ದನ್ನು, ಅವರು ನಮಗಾಗಿಯೇ ಅಳಿಸಿಬಿಟ್ಟಿರುತ್ತಾರೆ.